ಹಿಕ್ಕೆ ನೋಡಿ ಬಂದ ಮೂರು ದಿನ

ದಸರಾ ರಜೆಗೆ ಊರೆಲ್ಲ ಮೈಸೂರಿನ ಕಡೆ ಮುಖ ಮಾಡಿದಾಗ ನಾನೂ ನನ್ನ ತಮ್ಮನೂ ಜಗಳೂರಿನ ದಾರಿ ಹಿಡಿದೆವು. ಓಣಿಯಲ್ಲಿ ಕೇಳಿದವರೆಲ್ಲ “ಅಲ್ಲೇನೈತ್ರೀ ನೋಡಾಕೆ?” ಅಂದರು. ದಾವಣಗೆರೆಯವರಿಗೆ ಜಗಳೂರು ಅಂದರೆ ಬರ, ಬಳ್ಳಾರಿ ಜಾಲಿ, ಒಣಗಿದ ಕೆರೆ. ಈಗ ಅಲ್ಲಿನ ಕೆರೆಗಳಿಗೆ ತುಂಗಭದ್ರೆ ನೀರು ಹರಿದಿದೆ. ಆದರೂ ಅಂಟಿಕೊಂಡ ಹೆಸರು ಹೋಗಿಲ್ಲ.

ನಿಜ ಹೇಳಬೇಕು ಅಂದರೆ ನಾನು ಹೊರಟಿದ್ದು ಪ್ರಾಣಿ ನೋಡಲು ಅಲ್ಲ, ಮನೆಯಲ್ಲಿ ಕೂತರೆ ತಲೆ ಕೆಡುತ್ತಿತ್ತು. 21 ವರ್ಷದಿಂದ ಒಂದೇ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೇನೆ. ಈ ಸಲ ಮುಖ್ಯ ಶಿಕ್ಷಕಿ ಜಾಗ ಖಾಲಿಯಾಯಿತು. ಅದು ನನಗಿಂತ 11 ವರ್ಷ ಚಿಕ್ಕವಳಿಗೆ ಹೋಯಿತು. ಒಳ್ಳೆಯ ಹುಡುಗಿ, ಅವಳ ಮೇಲೆ ಸಿಟ್ಟಿಲ್ಲ. ಆದರೆ ಮೀಟಿಂಗಿನಲ್ಲಿ ಆಡಳಿತ ಮಂಡಳಿಯವರು “ನೀವು ಅಷ್ಟಾಗಿ ಕಾಣಿಸ್ಕೊಳ್ಳಲ್ಲ ಟೀಚರ್” ಅಂದರು ನೋಡಿ, ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ಅವತ್ತು ನಾನು ಏನು ಹೇಳಿದೆ ಗೊತ್ತಾ? ಏನೂ ಇಲ್ಲ. ತಲೆ ಆಡಿಸಿ ಎದ್ದು ಬಂದೆ.

ತಮ್ಮನಿಗೆ ಕ್ಯಾಮೆರಾ ಹುಚ್ಚು. ಭಾನುವಾರ ಬಂದರೆ ಹಕ್ಕಿ ಹಿಂದೆ ಅಲೆಯುವವನು. “ಕಾಣಿಸ್ಕೊಳ್ಳದೇ ಇರೋರನ್ನ ತೋರಿಸ್ತೀನಿ ಬಾ ಅಕ್ಕ” ಅಂದ. ಕಾರಿಗೆ ಅವನದೇ ಪೆಟ್ರೋಲ್. ಹೂಂ ಅಂದೆ.

ಮೊದಲ ದಿನ: ರಂಗಯ್ಯನದುರ್ಗ

ಬೆಳಗಿನ ಜಾವ ಐದಕ್ಕೆ ಹೊರಟಿದ್ದರಿಂದ ಬೆಣ್ಣೆ ದೋಸೆ ತಪ್ಪಿಹೋಯಿತು. ದಾವಣಗೆರೆಯಲ್ಲೇ ಇದ್ದು ದೋಸೆ ತಿನ್ನದೆ ಪ್ರವಾಸ ಶುರು ಮಾಡಿದ್ದು ಇದೇ ಮೊದಲು. ಡಬ್ಬಿಯಲ್ಲಿ ಚಪಾತಿ, ಶೇಂಗಾ ಚಟ್ನಿಪುಡಿ ಇತ್ತು.

ಅಕ್ಟೋಬರಿನಲ್ಲಿ ನಮ್ಮ ಕಡೆ ರಸ್ತೆ ಅಂದರೆ ಕಣ. ಅರ್ಧ ರಸ್ತೆ ವಾಹನಕ್ಕೆ, ಅರ್ಧ ಮೆಕ್ಕೆಜೋಳಕ್ಕೆ. ಕಾಳು ಚದುರದಿರಲಿ ಅಂತ ಅಂಚಿಗೆ ಕಲ್ಲು ಸಾಲಾಗಿ ಇಟ್ಟಿರುತ್ತಾರೆ. ಕತ್ತಲಲ್ಲಿ ಆ ಕಲ್ಲು ಕಾಣುವುದಿಲ್ಲ. ಆನಗೋಡು, ಅಣಜಿ, ಯಾವ ಕಡೆಯಿಂದ ಹೋದರೂ ಅಷ್ಟೆ, ಈ ತಿಂಗಳಲ್ಲಿ ಬೆಳಕು ಹರಿದ ಮೇಲೆ ಹೊರಡುವುದೇ ವಾಸಿ. ನಾವು ಕಲಿತಿದ್ದು ಕಾರಿನ ಬಂಪರ್ ಒಂದು ಕಲ್ಲಿಗೆ ತಾಗಿದ ಮೇಲೆ. ಜೋಳದ ರಾಶಿಯ ಪಕ್ಕ ಕಂಬಳಿ ಹೊದ್ದು ಮಲಗಿದ್ದ ಅಜ್ಜಿ ಎದ್ದು ಕೂತು, ನಮ್ಮನ್ನು ಬೈಯುವುದು ಬಿಟ್ಟು ಕಲ್ಲನ್ನು ಬೈದಳು. ಆಮೇಲೆ ಅದನ್ನು ಮತ್ತೆ ಅಲ್ಲೇ ಇಟ್ಟಳು.

ಕೊಂಡುಕುರಿ ಅಂದರೆ ನಾಲ್ಕು ಕೊಂಬಿನ ಹುಲ್ಲೆ. ರಂಗಯ್ಯನದುರ್ಗ ಅದರ ಧಾಮ ಆಗಿದ್ದು 2011ರಲ್ಲಿ. ಸುಮಾರು 77 ಚದರ ಕಿಲೋಮೀಟರ್. ಹುಲಿ, ಆನೆಗಳ ಹೆಸರಲ್ಲಿ ಕಾಡು ಇರುವ ನಾಡಿನಲ್ಲಿ ಮೇಕೆಯಷ್ಟು ಎತ್ತರದ ಪ್ರಾಣಿಯ ಹೆಸರಲ್ಲೂ ಒಂದು ಕಾಡಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಸುಮ್ನೆ ಒಳಗೆ ನುಗ್ಗುವ ಹಾಗಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ತಮ್ಮ ವಾರದ ಮುಂಚೆಯೇ ಮಾಡಿಸಿದ್ದ. ನಮ್ಮ ಜೊತೆ ಬಂದ ವಾಚರ್ ಅಣ್ಣ ಮೊದಲು ನೋಡಿದ್ದು ನನ್ನ ಮುಡಿಯನ್ನು. “ಹೂವು ತೆಗದು ಕಾರಲ್ಲಿಡ್ರಿ ಮೇಡಂ. ಮಲ್ಲಿಗೆ ವಾಸನಿ ಅದಕ್ಕೆ ನಮಗಿಂತ ಮುಂಚೆ ಹೋಗ್ತೈತೆ.” ಹಬ್ಬದ ದಿನ ಹೂ ತೆಗೆಯಲು ಮನಸ್ಸಾಗಲಿಲ್ಲ. ತೆಗೆದೆ.

ಕಾಡು ಅಂದರೆ ಮಲೆನಾಡಿನ ಕಾಡು ಅಂದುಕೊಂಡು ಹೋದರೆ ಇಲ್ಲಿ ನಿರಾಸೆ ಆಗುತ್ತದೆ. ಕಲ್ಲುಗುಡ್ಡ, ಕಮರ, ಕಗ್ಗಲಿ, ಬಂದರಿಕೆ, ಕಾರೆ ಗಿಡ. ಮಳೆ ಚೆನ್ನಾಗಿ ಆಗಿದ್ದರಿಂದ ಹುಲ್ಲು ಸೊಂಟದವರೆಗೆ ಬಂದಿತ್ತು. ಕಮರದ ಎಲೆ ಎರಡು ಭಾಗವಾಗಿ ದನದ ಗೊರಸಿನ ಹಾಗೆ ಇರುತ್ತದೆ. ಕಟ್ಟಿಗೆ ಎಷ್ಟು ಗಟ್ಟಿ ಅಂದರೆ ಕೊಡಲಿಯೇ ಹೆದರಬೇಕು. “ಸಸಿ ಇದ್ದಾಗ ಮ್ಯಾಲೆ ಏನೂ ಕಾಣಲ್ರೀ, ಬೇರು ಮಾತ್ರ ಇಳೀತಿರ್ತೈತೆ” ಅಂದ ವಾಚರ್ ಅಣ್ಣ. ನಾನು ಆ ಮಾತನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ತಮ್ಮ ಓರೆಗಣ್ಣಲ್ಲಿ ನೋಡಿ ನಕ್ಕ.

ಅರ್ಧ ಗಂಟೆ ನಡೆದಿರಬೇಕು. ತಮ್ಮ ತಟ್ಟನೆ ಬಗ್ಗಿದ. ಪೊದೆಯ ಆಚೆ ಕಂದು ಬಣ್ಣದ ಬೆನ್ನು. ಕ್ಯಾಮೆರಾ ಟ್ರರ್ ಟ್ರರ್ ಅಂತು. ಇಪ್ಪತ್ತು ಫೋಟೊ ಆದ ಮೇಲೆ ಆ ಬೆನ್ನು ತಿರುಗಿತು. ಕೊರಳಲ್ಲಿ ಗಂಟೆ ಇತ್ತು. ಊರ ಮೇಕೆ. ವಾಚರ್ ಅಣ್ಣ ಪಾಪ, ನಗು ತಡೆಯಲು ಆಕಾಶ ನೋಡಿದ.

ಅದಾದ ಮೇಲೆ ಅವನು ನಮಗೆ ತೋರಿಸಿದ್ದು ಪ್ರಾಣಿಯನ್ನಲ್ಲ, ಹಿಕ್ಕೆಯನ್ನು. ಒಂದು ಕಲ್ಲಿನ ಪಕ್ಕ, ಬಯಲಾದ ಜಾಗದಲ್ಲಿ ದೊಡ್ಡ ಗುಡ್ಡೆ. ಕೆಳಗಿನದು ಬಿಳುಚಿ ಪುಡಿಯಾಗಿತ್ತು, ಮೇಲಿನದು ಕಪ್ಪಗೆ ಹೊಳೆಯುತ್ತಿತ್ತು. ಕೊಂಡುಕುರಿ ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಅದೇ ಅದರ ಬೇಲಿ, ಅದೇ ಅದರ ಬೋರ್ಡು. ಹಿಂಡು ಕಟ್ಟುವುದಿಲ್ಲ, ಒಂಟಿ ಇಲ್ಲವೇ ಜೋಡಿ. ದೂರ ಅಲೆಯುವುದಿಲ್ಲ. ನೀರು ಕುಡಿಯದೆ ಜಾಸ್ತಿ ದಿನ ಇರಲಾಗದು, ಹಾಗಾಗಿ ನೀರಿನ ಆಸುಪಾಸಿನಲ್ಲೇ ವಾಸ. ತೂಕ 20 ಕಿಲೋ ಆಸುಪಾಸು, ಅಂದರೆ ನಮ್ಮ ಐದನೇ ಕ್ಲಾಸಿನ ಬಡಕಲು ಹುಡುಗನಷ್ಟು. ನಾಲ್ಕು ಕೊಂಬು ಗಂಡಿಗೆ ಮಾತ್ರ. ಹಿಂದಿನ ಎರಡು ಬೆರಳುದ್ದ, ಮುಂದಿನ ಎರಡು ಎಷ್ಟೋ ಗಂಡುಗಳಲ್ಲಿ ಬರೀ ಗಂಟು. ಇಡೀ ಜಗತ್ತಿನಲ್ಲಿ ನಾಲ್ಕು ಕೊಂಬಿನ ಕಾಡುಪ್ರಾಣಿ ಇದೊಂದೇ. ಇರುವುದು ಭಾರತ ಮತ್ತು ನೇಪಾಳದಲ್ಲಿ. ಇಷ್ಟೊಂದು ಹೆಗ್ಗಳಿಕೆ ಇಟ್ಟುಕೊಂಡು ಹೀಗೆ ಹುಲ್ಲಿನಲ್ಲಿ ಅಡಗಿ ಕೂರುತ್ತದಲ್ಲ!

ಬಿಸಿಲು ಏರುತ್ತಿತ್ತು. ಇನ್ನು ವಾಪಸ್ ಹೋಗೋಣ ಅಂತ ನಾನು ತಿರುಗಿದಾಗ ಹತ್ತು ಹೆಜ್ಜೆ ಆಚೆ ಹುಲ್ಲು ಎದ್ದು ನಿಂತ ಹಾಗಾಯಿತು. ಹುಲ್ಲಲ್ಲ, ಅದೇ. ಎಷ್ಟು ಹೊತ್ತಿನಿಂದ ಅಲ್ಲೇ ನಿಂತಿತ್ತೋ ಏನೋ. ಹೆಣ್ಣು, ಕೊಂಬಿಲ್ಲ. ದೊಡ್ಡ ಕಿವಿ, ಒದ್ದೆ ಮೂಗು. ನನ್ನನ್ನೇ ನೋಡುತ್ತಿತ್ತು. ನಾನು ಮೂರು ಸಲ ಉಸಿರಾಡಿದೆ. ನಾಲ್ಕನೆಯದಕ್ಕೆ ಅದು ಕುಪ್ಪಳಿಸಿದ ಹಾಗೆ, ಕಾಲು ಕುಂಟಿದ ಹಾಗೆ ಒಂದು ವಿಚಿತ್ರ ಓಟ ಓಡಿ ಇಳಿಜಾರಲ್ಲಿ ಮಾಯ. ತಮ್ಮನ ಕ್ಯಾಮೆರಾದ ಮೆಮೊರಿ ಕಾರ್ಡ್ ತುಂಬಿತ್ತು. ಮೇಕೆ ಫೋಟೊದಿಂದ.

ಇಳಿಯುವಾಗ ನನಗೆ ಒಳಗೊಳಗೇ ಖುಷಿ. ನೋಡಿದ್ಯಾ, ಸುಮ್ಮನೆ ನಿಂತು ಬದುಕುವವರೂ ಇದ್ದಾರೆ. ಕಾಣಿಸಿಕೊಳ್ಳದೇ ಇರುವುದೂ ಒಂದು ವಿದ್ಯೆ. ಜೋರಾಗಿ ಹೇಳಿಯೂಬಿಟ್ಟೆ. ವಾಚರ್ ಅಣ್ಣ ಮುಂದೆ ನಡೆಯುತ್ತಲೇ ಅಂದ: “ಅದು ಸುಮ್ನೆ ನಿಂತಿರಲ್ಲ ಮೇಡಂ. ಯಾವ ಕಡೆ ಓಡಬೇಕು ಅಂತ ಲೆಕ್ಕ ಹಾಕ್ತಾ ನಿಂತಿರ್ತೈತೆ.”

ಆಮೇಲೆ ಜಗಳೂರಿನ ಖಾನಾವಳಿವರೆಗೆ ನಾನು ಮಾತಾಡಲಿಲ್ಲ. ಅಲ್ಲಿ ಬಿಸಿ ಜೋಳದ ರೊಟ್ಟಿ, ಮುಳಗಾಯಿ ಪಲ್ಯ, ಕೆಂಪು ಚಟ್ನಿ. ಮೂರು ರೊಟ್ಟಿ ತಿಂದೆ. ಖಾನಾವಳಿಯ ಅಮ್ಮ “ಇನ್ನೊಂದು ಹಾಕ್ಲಾ ತಂಗಿ?” ಅಂತ ಕೇಳುವ ಮೊದಲೇ ಹಾಕಿದ್ದಳು.

ಎರಡನೇ ದಿನ: ಜೋಗಿಮಟ್ಟಿ

ರಾತ್ರಿ ಚಿತ್ರದುರ್ಗದ ಲಾಡ್ಜಿನಲ್ಲಿ ಸೊಳ್ಳೆ ಜೊತೆ ಕಳೆಯಿತು. ಅದರ ಬಗ್ಗೆ ಬರೆಯುವುದೇನೂ ಇಲ್ಲ.

ಜೋಗಿಮಟ್ಟಿ ಊರಿಗೆ ತೀರಾ ಹತ್ತಿರ. ಆಡುಮಲ್ಲೇಶ್ವರದ ಕಿರು ಮೃಗಾಲಯ ದಾಟಿದರೆ ಏರು ಶುರು. ಎಂಥ ಏರು ಅಂದರೆ ನಮ್ಮ ಹಳೇ ಕಾರು ಎರಡು ಕಡೆ ನಿಂತು ಸುಧಾರಿಸಿಕೊಂಡಿತು. ಇಂಜಿನ್ ಬಿಸಿಯಾಗುವ ಗಾಡಿ ಇದ್ದರೆ ಎರಡು ಬಾಟಲಿ ನೀರು ಹೆಚ್ಚಿಗೆ ಇಟ್ಟುಕೊಳ್ಳಿ, ನಾವು ಕುಡಿಯುವ ನೀರನ್ನೇ ಅದಕ್ಕೆ ಸುರಿದೆವು. ಬಯಲುಸೀಮೆಯ ನಟ್ಟನಡುವೆ ಈ ಬೆಟ್ಟ ಮಾತ್ರ ಬೇರೆ ಥರ. ಮಂಜು, ಚಳಿ, ಮತ್ತೆ ಗಾಳಿ. ಅಯ್ಯಪ್ಪಾ ಆ ಗಾಳಿ! ಸುತ್ತಲಿನ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ಸುಮ್ನೆ ಬಂದು ನಿಂತಿಲ್ಲ. ನನ್ನ ದುಪಟ್ಟಾ ಹಾರಿ ಹೋಗಿ ಸೀತಾಫಲದ ಗಿಡಕ್ಕೆ ಸಿಕ್ಕಿಕೊಂಡಿತು.

2015ರಲ್ಲಿ ಇದನ್ನೂ ವನ್ಯಜೀವಿ ಧಾಮ ಮಾಡಿದ್ದಾರೆ, ಸುಮಾರು 100 ಚದರ ಕಿಲೋಮೀಟರ್. ಚಿರತೆ ಇದೆ, ಕರಡಿ ಇದೆ, ಕೊಂಡುಕುರಿಯೂ ಇದೆ. ಗೇಟಿನಲ್ಲಿ ಸಿಬ್ಬಂದಿ ಹೇಳಿದ ಮೊದಲ ಮಾತೇ “ಮಾತಾಡ್ಕೊಂಡು ಹೋಗ್ರಿ, ಸದ್ದು ಮಾಡ್ರಿ” ಅಂತ. ನಾನು ದಂಗಾದೆ. ನಿನ್ನೆ ಉಸಿರು ಬಿಟ್ಟರೆ ಕಣ್ಣು ಬಿಡುತ್ತಿದ್ದರು, ಇವತ್ತು ಗಲಾಟೆ ಮಾಡಿ ಅಂತಾರಲ್ಲ!

ಕಾರಣ ಕರಡಿ. ಅದಕ್ಕೆ ಮೂಗು ಚುರುಕು, ಕಣ್ಣು ಅಷ್ಟಕ್ಕಷ್ಟೆ. ಹುತ್ತಕ್ಕೆ ಮೂತಿ ಇಟ್ಟು ಗೆದ್ದಲು ಹೀರುವಾಗ ಪಕ್ಕದಲ್ಲಿ ಯಾರು ಬಂದರೂ ಗೊತ್ತಾಗದು. ಹೀರಲು ಅನುಕೂಲ ಆಗಲಿ ಅಂತಲೇ ಮೇಲಿನ ಸಾಲಿನ ನಡುವೆ ಎರಡು ಹಲ್ಲು ಇಲ್ಲ, ಮಣ್ಣು ಹೋಗದ ಹಾಗೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಅಷ್ಟು ಮುಳುಗಿ ಹೋದಾಗ ನಾವು ಎದುರಾದರೆ ಗಾಬರಿ. ಗಾಬರಿ ಆದ ಕರಡಿ ಓಡುವುದಕ್ಕಿಂತ ಮೇಲೆ ಬೀಳುವುದೇ ಜಾಸ್ತಿ. ಹುಲಿ, ಚಿರತೆ ಇರುವ ಕಾಡಿನಲ್ಲಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಬದುಕುವ ಪ್ರಾಣಿ ಅದು. ಓಡಿ ಉಳಿಯುವ ಹಾಗಿದ್ದರೆ ಓಡುತ್ತಿತ್ತೇನೋ.

ಹಾಗಾಗಿ ನಾವು ಮಾತಾಡಿದೆವು. ತಮ್ಮ ಅವಕಾಶ ಸಿಕ್ಕಿದ್ದೇ ಶುರು ಮಾಡಿದ. “ನೀನು ಮೀಟಿಂಗಲ್ಲಿ ಯಾಕೆ ಬಾಯಿ ಬಿಡಲಿಲ್ಲ?” “ಏನಂತ ಕೇಳಲೋ? ನನಗೆ ಕೊಡಿ ಅಂತಲಾ?” “ಯಾಕೆ ಕೊಡಲಿಲ್ಲ ಅಂತ.” ಗಾಳಿಗೆ ಕೇಳಿಸುತ್ತಿರಲಿಲ್ಲ, ಇಬ್ಬರೂ ಕಿರುಚಾಡುತ್ತಿದ್ದೆವು. ದೂರದಿಂದ ನೋಡಿದವರಿಗೆ ಆಸ್ತಿ ಜಗಳ ಅನ್ನಿಸಿರಬೇಕು. ಆ ಸದ್ದಿಗೆ ಕರಡಿ ಇದ್ದಿದ್ದರೂ ಹಿರಿಯೂರು ಮುಟ್ಟಿರುತ್ತಿತ್ತು.

ಕರಡಿ ಕಾಣಲಿಲ್ಲ. ಅದರ ಲದ್ದಿ ಕಂಡಿತು. ತುಂಬಾ ಸೀತಾಫಲದ ಕರೀ ಬೀಜ. ಪಕ್ಕದಲ್ಲೇ ಬಗೆದು ಹಾಕಿದ ಹುತ್ತ, ಮೇಲೆ ಉಗುರಿನ ಉದ್ದುದ್ದ ಗೆರೆ. ಸೀತಾಫಲದ ಕಾಲದಲ್ಲಿ ಅದರ ಊಟ ಇಲ್ಲೇ. ಹಣ್ಣು ಮುಗಿದ ಮೇಲೆ ಕೆಳಗಿನ ಶೇಂಗಾ ಹೊಲ, ಮೆಕ್ಕೆಜೋಳ. ಚಹಾ ಕೊಟ್ಟ ಗೂಡಂಗಡಿಯವನು ಹೇಳಿದ: “ಮುಂಚೆ ಮುಸ್ಸಂಜಿಗೇ ಬರ್ತಿದ್ವು ಸಾರ್. ಈಗ ನಾವು ರಾತ್ರಿ ಹನ್ನೊಂದರ ತನ್ಕ ಟಿವಿ ನೋಡ್ತೀವಲ್ಲ, ಅವೂ ಹನ್ನೆರಡು ಮಾಡ್ಕೊಂಡವೆ.” ಯಾವುದೋ ಗುಡಿಯಲ್ಲಿ ದೀಪದ ಎಣ್ಣೆ ಕುಡಿದು ಹೋದ ಕರಡಿಯ ಕಥೆಯನ್ನೂ ಹೇಳಿದ. ಹೇಳುವಾಗ ಅವನ ಮುಖದಲ್ಲಿ ಭಯಕ್ಕಿಂತ ನಂಟಸ್ತನ ಜಾಸ್ತಿ ಇತ್ತು.

ಸಂಜೆಗೆ ಮುಂಚೆ ಕೋಟೆ. ದುರ್ಗಕ್ಕೆ ಹೋಗಿ ಕೋಟೆ ಹತ್ತದೆ ಬಂದರೆ ಅತ್ತೆ ಮನೆಯವರಿಗೆ ಉತ್ತರ ಕೊಡಬೇಕಾಗುತ್ತದೆ. ಏಳು ಸುತ್ತನ್ನೂ ಸುತ್ತಲು ಹೊತ್ತಿರಲಿಲ್ಲ, ನೇರ ಓಬವ್ವನ ಕಿಂಡಿಗೆ ಹೋದೆವು. ಕಾಲೇಜು ಹುಡುಗರು ಒಬ್ಬೊಬ್ಬರೇ ತೂರಿ ಬಂದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಈ ಕಥೆಯನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಗಂಡ ಊಟಕ್ಕೆ ಕೂತ ಹೊತ್ತು, ನೀರಿಗೆ ಬಂದವಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು, ಒನಕೆ. ಎಲ್ಲರೂ ಒನಕೆ ಎತ್ತಿದ್ದನ್ನೇ ಹೇಳುತ್ತೇವೆ, ನಾನೂ ಅಷ್ಟೇ. ಅವತ್ತು ಮಾತ್ರ ಅದಕ್ಕೂ ಮೊದಲು ಅವಳು ಕಲ್ಲಿಗೆ ಒತ್ತಿಕೊಂಡು ಸದ್ದಿಲ್ಲದೆ ನಿಂತ ಆ ಒಂದೆರಡು ನಿಮಿಷ ಕಣ್ಣಿಗೆ ಕಟ್ಟಿತು. ನಿನ್ನೆಯ ವಾಚರ್ ಅಣ್ಣನ ಮಾತು ನೆನಪಾಯಿತು. ತಮ್ಮನಿಗೆ ಹೇಳಲಿಲ್ಲ, ಹೇಳಿದ್ದರೆ ಗೆದ್ದೆ ಅಂದುಕೊಳ್ಳುತ್ತಿದ್ದ.

ಕಿಂಡಿಯಲ್ಲಿ ತೂರಲು ನಾನೂ ನೋಡಿದೆ. ನಿನ್ನೆಯ ನಾಲ್ಕು ರೊಟ್ಟಿ ಬಿಡಲಿಲ್ಲ.

ಮೂರನೇ ದಿನ: ಚಳ್ಳಕೆರೆಯ ಕಾವಲು

ಚಳ್ಳಕೆರೆ ದಾಟಿ ನಾಯಕನಹಟ್ಟಿ ದಾರಿ ಹಿಡಿದರೆ ಆಕಾಶ ದೊಡ್ಡದಾಗುತ್ತದೆ. ಹೊಲದಲ್ಲಿ ಶೇಂಗಾ ಕಿತ್ತು ಬಳ್ಳಿ ಸಮೇತ ಒಣಹಾಕಿದ್ದರು, ಬದುವಿನಲ್ಲಿ ಈರುಳ್ಳಿ ರಾಶಿ. ಕಾರಿನ ಗಾಜು ಇಳಿಸಿದರೆ ಕಣ್ಣಲ್ಲಿ ನೀರು. ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗೆ ಕೈ ಮುಗಿದೆವು. “ಮಾಡಿದಷ್ಟು ನೀಡು ಭಿಕ್ಷೆ” ಅಂದ ಸ್ವಾಮಿ ಅವರು, ಕೆರೆ ಕಟ್ಟಿಸಿದವರು. ನಾನು 21 ವರ್ಷ ಮಾಡಿದ್ದರ ಲೆಕ್ಕವನ್ನು ಮನಸ್ಸಿನಲ್ಲೇ ಒಪ್ಪಿಸಿ ಬಂದೆ.

ಕಾವಲು ಅಂದರೆ ಹುಲ್ಲುಗಾವಲು, ಅಮೃತಮಹಲ್ ದನಗಳಿಗೆ ಅಂತ ರಾಜರ ಕಾಲದಿಂದ ಬಿಟ್ಟ ಜಾಗ. ಹೈದರ್, ಟಿಪ್ಪುವಿನ ಫಿರಂಗಿ ಎಳೆದದ್ದು ಇದೇ ತಳಿ. ಈಗ ಕುದಾಪುರದ ಸುತ್ತ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಗಿದೆ. ಮೈಲಿಗಟ್ಟಲೆ ಕಾಂಪೌಂಡ್. ಒಳಗೆ ರಾಕೆಟ್ಟು, ವಿಮಾನದ ಕೆಲಸ ನಡೆಯುತ್ತದೆ, ಬೇಡ ಅನ್ನಲು ನಾನ್ಯಾರು? ಆದರೆ ಹುಲ್ಲು ಬೆಳೆದ ನೆಲವನ್ನು ‘ಪಾಳು’ ಅಂತ ಬರೆದುಕೊಳ್ಳುವ ನಮ್ಮ ಅಭ್ಯಾಸ ಮಾತ್ರ ನನಗೆ ಹಿಡಿಸುವುದಿಲ್ಲ. ಕಾಣಿಸಿಕೊಳ್ಳದೇ ಇದ್ದರೆ ಖಾಲಿ ಅಂತ ಅರ್ಥವಾ?

ಇನ್ನೂ ತೆರೆದಿರುವ ಒಂದು ಕಡೆ ಕಾರು ನಿಲ್ಲಿಸಿದೆವು. ಕಾಯಬೇಕಾಗಲೇ ಇಲ್ಲ. ಎದುರಿಗೇ ಹನ್ನೆರಡು ಕೃಷ್ಣಮೃಗ! ಪೊದೆ ಇಲ್ಲ, ಕಲ್ಲಿಲ್ಲ, ಮೊಣಕಾಲುದ್ದ ಹುಲ್ಲಿನಲ್ಲಿ ಮದುವೆ ಮನೆಯ ಮುಂದೆ ನಿಂತವರ ಹಾಗೆ ನಿಂತಿದ್ದವು. ಗಂಡು ಕಪ್ಪು ಬಿಳುಪು, ತಿರುಚಿದ ಕೊಂಬು, ತಲೆ ಹಿಂದಕ್ಕೆ ಹಾಕಿ ಗತ್ತಿನ ನಡಿಗೆ. ಇವುಗಳ ಉಪಾಯವೇ ತಿರುಗುಮುರುಗು. ಎಲ್ಲರಿಗೂ ಕಾಣುತ್ತವೆ, ಆದರೆ ಇವಕ್ಕೂ ಎಲ್ಲರೂ ದೂರದಿಂದಲೇ ಕಾಣುತ್ತಾರೆ. ಆಮೇಲೆ ಗಂಟೆಗೆ 80 ಕಿಲೋಮೀಟರ್ ಮುಟ್ಟುವ ಓಟ. ಚೀತಾ ಕಾಲದಲ್ಲಿ ಕಲಿತ ಓಟ ಅನ್ನುತ್ತಾರೆ. ನಮ್ಮ ದೇಶದಲ್ಲಿ ಚೀತಾ ಅಳಿದುಹೋಯಿತು ಅಂತ ಸರ್ಕಾರ ಸಾರಿದ್ದು 1952ರಲ್ಲಿ. ಇವು ಇನ್ನೂ ಓಡುವುದನ್ನು ಬಿಟ್ಟಿಲ್ಲ.

ಕಾರಿನಲ್ಲಿ ಕೂತಷ್ಟು ಹೊತ್ತು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ತಮ್ಮ ಬಾಗಿಲು ತೆಗೆದು ಒಂದು ಕಾಲು ನೆಲಕ್ಕೆ ಇಟ್ಟ, ಅಷ್ಟೆ. ಒಂದು ಹೆಣ್ಣು ಚಂಡು ಪುಟಿದ ಹಾಗೆ ಗಾಳಿಗೆ ಹಾರಿತು, ಹಿಂದೆ ಎಲ್ಲವೂ. ನೋಡೋಕೆ ಹೋಗುವವರು ಕಾರಿನಿಂದ ಇಳಿಯದಿರುವುದೇ ಒಳ್ಳೆಯದು, ಪಾಪ ಅವುಗಳ ಮೇವೂ ತಪ್ಪುತ್ತದೆ.

ಇಳಿದ ಮೇಲೆ ಗೊತ್ತಾಯಿತು, ಹಿಂದಿನ ಟೈರು ಕೂತಿತ್ತು. ಜಾಲಿಮುಳ್ಳು, ನನ್ನ ಕಿರುಬೆರಳಷ್ಟು ಉದ್ದ. ಸ್ಟೆಪ್ನಿ ಇತ್ತು, ಜಾಕ್ ಇರಲಿಲ್ಲ. ತಮ್ಮನ ಮನೆಯಲ್ಲಿ ಅದನ್ನು ಗ್ಯಾಸ್ ಸಿಲಿಂಡರ್ ಪಕ್ಕ ಇಟ್ಟಿದ್ದನಂತೆ. ಯಾಕೆ ಅಂತ ಅವನಿಗೂ ಗೊತ್ತಿಲ್ಲ.

ಒಂದೂವರೆ ಗಂಟೆ ಬಿಸಿಲಲ್ಲಿ ಕೂತೆವು. ಆಗ ಬಂದಿದ್ದು ಕುರಿ ಹಿಂಡು, ಹಿಂದೆ ಕರೀ ಕಂಬಳಿ ಹೆಗಲಿಗೆ ಹಾಕಿದ ತಾತ. ಟೈರು ನೋಡಿ, ಮಗನಿಗೆ ಫೋನ್ ಹಚ್ಚಿ “ಟ್ರಾಕ್ಟರ್ ಜಾಕ್ ತಗಂಬಾರಲೇ” ಅಂದ. ಆಮೇಲೆ ನೆಲದ ಮೇಲೆ ಕೂತು ಸೊಂಟದ ಗಂಟಿನಿಂದ ಹಸೀ ಶೇಂಗಾ ತೆಗೆದು ನನ್ನ ಉಡಿಗೆ ಸುರಿದ. ವಿಚಿತ್ರ ಅಂದರೆ, ನಮ್ಮ ಒಂದು ಕಾಲಿಗೆ ಓಡಿದ ಜಿಂಕೆಗಳು ತಾತನ ಕುರಿಗಳ ಆಚೆ ಮತ್ತೆ ಬಂದು ಮೇಯುತ್ತಿದ್ದವು.

“ನಿಮಗೆ ಹೆದರಲ್ವಾ ತಾತ?”

“ನಾನು ದಿನಾ ಬರೋನು ಕಣಮ್ಮ. ಒಂದೇ ಕಂಬಳಿ, ಒಂದೇ ಕೂಗು. ನಾಳೆ ನಾನು ಪ್ಯಾಂಟ್ ಹಾಕ್ಕಂಬಂದ್ರೆ ಓಡ್ತಾವೆ.”

ತೋಳದ ಬಗ್ಗೆ ಕೇಳಿದೆ. ಇದಾವೆ ಅಂದ. ಹೋದ ವರ್ಷ ಎರಡು ಮರಿ ಹೋದವಂತೆ. “ತ್ವಾಳ ನಮ್ ಹಿಂದೇನೇ ಊರೂರು ತಿರುಗ್ತೈತೆ. ನಾವು ಎದ್ದಿದ್ರೆ ಅದು ಮಲಗಿರ್ತೈತೆ, ನಮಗೆ ಜೋಂಪು ಹತ್ತಿದ್ರೆ ಎದ್ದಿರ್ತೈತೆ.” ಸಿಟ್ಟು ಬರಲ್ವಾ ಅಂದರೆ, “ಬರ್ತೈತೆ. ಅದಕ್ಕೂ ಹೊಟ್ಟೆ ಐತಲ್ಲ” ಅಂದ.

ನಾನು ನೋಟ್ ಬುಕ್ ತೆಗೆದೆ. ಕೊಂಡುಕುರಿ ಅಡಗಿ ನಿಲ್ಲುತ್ತದೆ, ಕರಡಿ ಹೊತ್ತು ಬದಲಿಸುತ್ತದೆ, ಕೃಷ್ಣಮೃಗ ಬಯಲಲ್ಲೇ ನಿಲ್ಲುತ್ತದೆ, ತೋಳ ಬೆನ್ನು ಹತ್ತುತ್ತದೆ. ಇವುಗಳಲ್ಲಿ ಯಾವುದನ್ನು ಹಿಡಿಯಬೇಕು ಅಂತ ತಾತನಿಗೇ ಕೇಳಿದೆ, ಶಾಲೆಯ ವಿಷಯವನ್ನೂ ಸ್ವಲ್ಪ ಸೇರಿಸಿ. ಅವನು ಶೇಂಗಾ ಸಿಪ್ಪೆ ಉಗಿದು ನಕ್ಕ. “ಅವು ಪಾಠ ಹೇಳಕ್ಕೆ ಬದುಕಲ್ಲಮ್ಮ. ಟೀಚರಲ್ಲ ಅವು.” ತಮ್ಮ ಬಿದ್ದು ಬಿದ್ದು ನಕ್ಕ. “ಅಕ್ಕ ಮೊದಲ ದಿನವೇ ತನಗೆ ಬೇಕಾದ್ದನ್ನ ಆರಿಸ್ಕೊಂಡಿದ್ಲು ತಾತ, ಆಮೇಲೆ ಲೆಕ್ಕ ತಪ್ಪಿತು.” ಸುಳ್ಳಲ್ಲ.

ಜಾಕ್ ಬಂತು. ದುಡ್ಡು ಕೊಡಲು ಹೋದರೆ ತಾತ ಕೈ ಹಿಂದೆ ಕಟ್ಟಿಕೊಂಡ. ತಮ್ಮ ಅವನ ಫೋಟೊ ತೆಗೆದು, ಪ್ರಿಂಟ್ ಹಾಕಿಸಿ ಕಳಿಸುತ್ತೇನೆ ಅಂದ. “ಕುರಿ ಬರಂಗೆ ತೆಗಿ, ನಾನೊಬ್ನೇ ಬ್ಯಾಡ” ಅಂದ ತಾತ.

ರಾತ್ರಿ ದಾವಣಗೆರೆ ಮುಟ್ಟಿದಾಗ ಎಂಟು. ಮೂರು ದಿನದ ಬಾಕಿ ತೀರಿಸಲು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಮನೆಗೆ ಹೋದೆವು. ನಮ್ಮ ಯಜಮಾನರು ಪೊಟ್ಟಣ ಬಿಚ್ಚುತ್ತಾ “ಏನೇನು ನೋಡಿದ್ರಿ?” ಅಂದರು. “ಹಿಕ್ಕೆ” ಅಂದ ತಮ್ಮ. “ಆಮೇಲೆ ಲದ್ದಿ.”

ಅವರಿಬ್ಬರೂ ನಗುತ್ತಿದ್ದಾಗ ನಾನು ಬಿಳಿ ಹಾಳೆ ತಗೊಂಡು ಕೂತೆ. ಮಾನ್ಯರೇ ಅಂತ ಶುರು ಮಾಡಿ, ಹುದ್ದೆಯ ಆಯ್ಕೆ ಯಾವ ಆಧಾರದ ಮೇಲೆ ಆಯಿತು ಅಂತ ಲಿಖಿತವಾಗಿ ತಿಳಿಸಬೇಕು ಅಂತ ಬರೆದೆ. ನಾಲ್ಕು ಸಾಲು. ಸಹಿ ಮಾಡುವಾಗ ಕಣಕಾಲಿನ ಹತ್ತಿರ ಏನೋ ಚುಚ್ಚಿತು. ಚೂಡಿದಾರದ ಅಂಚಿನಲ್ಲಿ ಹುಲ್ಲಿನ ಬೀಜ, ಸೂಜಿಯ ಹಾಗೆ ಒಳಗೆ ನುಗ್ಗಿ ಕೂತಿತ್ತು. ರಂಗಯ್ಯನದುರ್ಗದ್ದೋ, ಕಾವಲಿನದ್ದೋ. ಒಂದು ಕಿತ್ತರೆ ಇನ್ನೊಂದು. ಕಿತ್ತದ್ದನ್ನೆಲ್ಲ ಮಂಡಕ್ಕಿ ಪೊಟ್ಟಣದ ಪೇಪರಿನಲ್ಲಿ ಹಾಕುತ್ತಾ ಹೋದೆ, ಹನ್ನೊಂದು ಗಂಟೆಯಾದರೂ ಮುಗಿಯಲಿಲ್ಲ.